ನೆಲನೆಲ್ಲಿ ಯಾವುದು?

ಕಾಮಣಿ ಎಂದೊಡನೆ ನಮ್ಮ ಚಡಚಣದ ಕಡೆ ಹೊಲದ ಬದುವಿನಿಂದ ನೆಲನೆಲ್ಲಿ ಕಿತ್ತು ತಂದು ಅರೆದು ಕುಡಿಸುವುದುಂಟು. ಕಾಮಣಿಗೆ ಕಾರಣ ಹಲವು, ವೈದ್ಯರಿಗೆ ತೋರಿಸುವುದನ್ನಂತೂ ಬಿಡಬಾರದು. ಅದಿರಲಿ, ಕಿತ್ತದ್ದು ನೆಲನೆಲ್ಲಿಯೇ ಎಂದು ತಿಳಿಯುವುದು ಹೇಗೆ? ದಕ್ಷಿಣ ಭಾರತದ ಗಿಡಮೂಲಿಕೆ ಅಂಗಡಿಗಳ ಸರಕನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಕಾಲುಭಾಗ ಬೇರೆ ಜಾತಿಯದೇ ಇತ್ತು!

ಬೆಳೆದ ಗಿಡವೊಂದನ್ನು ಕೈಯಲ್ಲಿ ಹಿಡಿಯಿರಿ. ನೆಲನೆಲ್ಲಿ, ಅಂದರೆ ಫಿಲಾಂಥಸ್ ಅಮಾರಸ್, ನಡುಕಾಂಡದ ಮೇಲೆ ಎಲೆ ಬಿಡುವುದಿಲ್ಲ. ಪಕ್ಕದ ಎಳೆ ರೆಂಬೆಗಳಲ್ಲಿ ಮಾತ್ರ ಎರಡು ಸಾಲಾಗಿ ಬಿಡುತ್ತದೆ. ಹುಣಸೆ ಎಲೆಯಂತೆ ಕಂಡರೂ ಅದು ಒಂದು ಎಲೆಯಲ್ಲ, ರೆಂಬೆ. ಪ್ರತಿ ಎಲೆಯ ಬುಡದಲ್ಲಿ ಹೂವೋ ಕಾಯಿಯೋ ಇರುವುದೇ ಸಾಕ್ಷಿ. ಹುಣಸೆಯ ಕಿರುಎಲೆಯ ಬುಡದಲ್ಲಿ ಹೂ ಹುಡುಕಿ ನೋಡಿ, ಸಿಗದು.

ಎರೆಹೊಲದಲ್ಲೂ ಬೆಳೆಯುವ ಇದರ ದಾಯಾದಿ ಫಿಲಾಂಥಸ್ ಮದರಾಸ್ಪಟೆನ್ಸಿಸ್‌ಗೆ ನಡುಕಾಂಡದ ಮೇಲೂ ಎಲೆ. ಎಲೆಯ ಬುಡ ಕಿರಿದು, ತುದಿ ಅಗಲ. ಫಿಲಾಂಥಸ್ ಯೂರಿನೇರಿಯಾದ ಕಾಯಿಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಮೈ ಒರಟು. ನೆಲನೆಲ್ಲಿಯದು ನುಣುಪು, ಪುಟ್ಟ ತೊಟ್ಟಿನಿಂದ ಎಲೆಯ ಕೆಳಗೆ ತೂಗುತ್ತದೆ.

ಬರಿಗಣ್ಣಿಗೆ ಮೋಸ ಮಾಡುವುದು ಫಿಲಾಂಥಸ್ ಫ್ರೆಟರ್ನಸ್. ಮಸೂರ ಹಿಡಿದು ಹೂವಿನ ಎಸಳು ಎಣಿಸಿ: ನೆಲನೆಲ್ಲಿಗೆ 5, ಇದಕ್ಕೆ 6.