ಕುಡಿತ ಬಿಟ್ಟವರು ಸಂಜೆ ಎಲ್ಲಿಗೆ ಹೋಗಬೇಕು?

ಅವರು ಕಚೇರಿಯೊಂದರಲ್ಲಿ ಗುಮಾಸ್ತರು. ವಯಸ್ಸು ನಲವತ್ತೆರಡು. ಎರಡು ವರ್ಷಗಳಲ್ಲಿ ಮೂರು ಸಲ ನಾನೇ ಅವರನ್ನು ಆಸ್ಪತ್ರೆಗೆ ಸೇರಿಸಿದ್ದೆ. ಪ್ರತಿ ಸಲವೂ ಒಂದು ವಾರದಲ್ಲಿ ಕೈನಡುಕ ನಿಂತು, ನಿದ್ದೆ ಬಂದು, ಊಟ ರುಚಿಸತೊಡಗಿ ಮನೆಗೆ ಹೋಗಿದ್ದರು. ಎರಡು ತಿಂಗಳೊಳಗೆ ಮತ್ತೆ ಅದೇ ಕಥೆ. ಮೂರನೆಯ ಸಲ ನಾನು ತುಸು ಸಿಡುಕಿನಿಂದಲೇ ಗದರಿದೆ. ಅವರು ತಲೆ ತಗ್ಗಿಸಿ ಹೇಳಿದರು: “ಹಗಲು ಹೇಗೋ ಕಳೆಯುತ್ತದೆ ಡಾಕ್ಟ್ರೇ. ಸಂಜೆ ಆರಕ್ಕೆ ಕಚೇರಿಯಿಂದ ಹೊರಬಿದ್ದರೆ ಕಾಲು ತಾನಾಗಿ ಅಲ್ಲಿಗೇ ಹೋಗುತ್ತದೆ. ನನ್ನ ಸ್ನೇಹಿತರೆಲ್ಲ ಇರುವುದೂ ಅಲ್ಲೇ.”

ಆ ಸಂಜೆ ಆರು ಗಂಟೆಗೆ ನನ್ನ ಬಳಿ ಮಾತ್ರೆ ಇರಲಿಲ್ಲ. ನಡುಕ ನಿಲ್ಲಿಸುವುದು ವೈದ್ಯರ ಕೆಲಸ, ಅದು ವಾರದಲ್ಲಿ ಮುಗಿಯುತ್ತದೆ. ಕುಡಿಯಬೇಕೆಂಬ ತುಡಿತ ಮಾತ್ರ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಜೊತೆ.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ್ದೇ ಹೀಗೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ಹಾಳಾದವರು, ಒಬ್ಬರ ಎದುರು ಒಬ್ಬರು ಕೂತು ಮನಬಿಚ್ಚಿ ಮಾತಾಡಿದರು. ಇಂದು ಅದರ ಗುಂಪುಗಳು ಭಾರತದಲ್ಲೂ ಇವೆ. ಸಭೆಯಲ್ಲಿ ನಡೆಯುವುದು ಸರಳ. ಒಬ್ಬರು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಮಧ್ಯೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ. ಶುಲ್ಕವಿಲ್ಲ, ಇಷ್ಟವಿದ್ದವರು ಖರ್ಚಿಗೆಂದು ಸ್ವಲ್ಪ ಹಣ ಹಾಕುತ್ತಾರೆ, ಅಷ್ಟೇ. ಪೂರ್ಣ ಹೆಸರು, ಜಾತಿ, ನೌಕರಿ ಯಾರೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವ.

ಹಲವು ಗುಂಪುಗಳು ಚರ್ಚು ಅಥವಾ ಶಾಲೆಯ ಕೋಣೆಯಲ್ಲಿ ಸೇರುತ್ತವೆ. ಚರ್ಚೆಂದು ಹಿಂಜರಿದವರನ್ನು ಕಂಡಿದ್ದೇನೆ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಅಲ್ಲಿ ದೇವರ ಮಾತು ಬರುತ್ತದೆ ನಿಜ, ಆದರೆ ಯಾವ ದೇವರು ಎಂಬುದನ್ನು ಅವರವರಿಗೇ ಬಿಟ್ಟಿದ್ದಾರೆ.

ಇದರಿಂದ ಗುಣ ಕಾಣುತ್ತದೆಯೇ? 2020ರಲ್ಲಿ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿತು. ರೋಗಿಯನ್ನು ಕ್ರಮವಾಗಿ ಎ.ಎ. ಹಾದಿಗೆ ಹಚ್ಚುವ ಚಿಕಿತ್ಸೆಯಲ್ಲಿ ಒಂದು ವರ್ಷದ ನಂತರ ನೂರಕ್ಕೆ 42 ಮಂದಿ ಮದ್ಯ ಮುಟ್ಟಿರಲಿಲ್ಲ. ಇತರ ಚಿಕಿತ್ಸೆಗಳಲ್ಲಿ ಆ ಸಂಖ್ಯೆ 35. ಪವಾಡವೇನಲ್ಲ. ಆದರೆ ಬಿಟ್ಟಿಯಾಗಿ ಸಿಗುವ ಚಿಕಿತ್ಸೆಗೆ ಇದು ಸಣ್ಣ ಮಾತೂ ಅಲ್ಲ.

ಗುಂಪನ್ನು ಹುಡುಕುವುದು ಹೇಗೆಂದರೆ, ಮೊದಲು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಗಾಗಿ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್ 14416, ಇಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಅನೇಕರಿಗೆ ಪರಿಚಿತ. ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳಿವೆ. ನನ್ನ ಕಣ್ಣಿಗೆ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ.

ಫೋನು ಮಾಡಿದಾಗ ಸಭೆಯ ಭಾಷೆ ಮತ್ತು ವೇಳೆಯನ್ನು ಕೇಳಿ. ಮುಕ್ತ ಸಭೆಗೆ ಮನೆಯವರೂ ಹೋಗಬಹುದು, ಮುಚ್ಚಿದ ಸಭೆ ಕುಡಿತದ ತೊಂದರೆಯಿರುವವರಿಗೆ ಮಾತ್ರ. ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲೇ ಗುಂಪು ಸಿಕ್ಕರೆ ಅದೇ ಭಾಗ್ಯ. ಒಂದು ಸಭೆಗೆ ಹೋಗಿ “ನಮಗೆ ಸರಿಹೋಗಲಿಲ್ಲ” ಎನ್ನಬೇಡಿ. ನಾಲ್ಕಾರು ಸಲ ಹೋಗಿ, ಬೇರೆ ಗುಂಪನ್ನೂ ನೋಡಿ. ಹತ್ತಿರದಲ್ಲಿ ಗುಂಪಿಲ್ಲದ ಊರಿನವರಿಗೆ ಈಗ ಮೊಬೈಲಿನಲ್ಲೇ ಸೇರಬಹುದಾದ ಸಭೆಗಳಿವೆ.

ಗುಂಪಿಗೆ ಸೇರುವ ಉತ್ಸಾಹದಲ್ಲಿ ಒಂದು ಅಪಾಯ ಮರೆಯಬಾರದು. ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೆ ಫಿಟ್ಸ್ ಬಂದವರು ಮನೆಯಲ್ಲೇ ದಿಢೀರನೆ ಕುಡಿತ ನಿಲ್ಲಿಸಕೂಡದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಜ್ವರ, ಭ್ರಮೆ, ಬಡಬಡಿಕೆ ಶುರುವಾದರೆ ಪ್ರಾಣಕ್ಕೇ ಕುತ್ತು. ಅಂಥವರು ಮೊದಲು ವೈದ್ಯರನ್ನು ಕಾಣಬೇಕು, ಗುಂಪು ಆಮೇಲೆ.

“ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ ಕೊಡಿ” ಎಂದು ಕೇಳುವ ಹೆಂಗಸರು ನನ್ನಲ್ಲಿಗೆ ಆಗಾಗ ಬರುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇದ್ದು, ಗೊತ್ತಿಲ್ಲದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾವೂ ಆಗಬಹುದು. ರೋಗಿಯ ಒಪ್ಪಿಗೆಯಿಲ್ಲದೆ ಅದನ್ನು ಕೊಡುವಂತೆಯೇ ಇಲ್ಲ.

ಗಂಡ ಬರಲೊಪ್ಪದಿದ್ದರೆ? ಹೆಂಡತಿ ಹೋಗಬಹುದು. ಕುಡುಕರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಗುಂಪುಗಳಿವೆ. ಸಾಲ ತೀರಿಸುವುದು, ಕಚೇರಿಗೆ ಸುಳ್ಳು ಹೇಳಿ ರಜೆ ಹಾಕಿಸುವುದು, ಇವನ್ನೆಲ್ಲ ನಿಲ್ಲಿಸುವ ಧೈರ್ಯ ಅಲ್ಲಿ ಸಿಗುತ್ತದೆ.

ನಮ್ಮ ಗುಮಾಸ್ತರ ಮನೆಯಲ್ಲೂ ಮೊದಲು ಹೊರಟವರು ಹೆಂಡತಿಯೇ. ಗಂಡ ಮೂರು ವಾರ ತಡವಾಗಿ, “ಒಂದು ಸಲ ನೋಡಿ ಬರುತ್ತೇನೆ” ಎಂದು ಹೋದರು. ನಡುವೆ ಒಮ್ಮೆ ಜಾರಿದರು. ಮರುದಿನ ಸಂಜೆ ಆರಕ್ಕೆ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರಂತೆ. ಯಾರೂ ಏನೂ ಅನ್ನಲಿಲ್ಲ, ಚಹಾ ಕೊಟ್ಟರು.