ಹಳೆಯ ಡಿಸ್ಕಿನಿಂದ ಹೊಸ ಡಿಸ್ಕಿಗೆ

ಕುಸನೂರಿನ ಬಾಡಿಗೆ ಕೋಣೆಯಲ್ಲಿ ವಿದ್ಯಾರ್ಥಿಯೊಬ್ಬ ತನ್ನ ಬ್ಯಾಕಪ್ ಕಡತಗಳನ್ನು ಹಳೆಯ ಡಿಸ್ಕಿನಿಂದ ಹೊಸದಕ್ಕೆ ಸಾಗಿಸುತ್ತಿದ್ದಾನೆ ಎನ್ನೋಣ. ಅರ್ಧದಲ್ಲೇ ಕರೆಂಟ್ ಹೋಯಿತು. ಎಷ್ಟು ದಾಟಿತು, ಎಷ್ಟು ಉಳಿಯಿತು?

ಇಂಥ ಕೆಲಸಕ್ಕೆ ‘ಆರ್‌ಸಿಂಕ್’ ಇದೆ. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್, ಪಾಲ್ ಮ್ಯಾಕೆರಸ್ 1996ರಲ್ಲಿ ಹೊರತಂದ ಇದಕ್ಕೆ ಮೌಸ್ ಬೇಡ. ಒಂದು ಸಾಲಿನ ಆದೇಶ ಟೈಪ್ ಮಾಡಿದರಾಯಿತು. ‘ಎ’ ಎಂಬ ಸೂಚನೆ ಸೇರಿಸಿದರೆ ಕಡತ ತಿದ್ದಿದ ಸಮಯವೂ ಹಾಗೆಯೇ ಬರುತ್ತದೆ. ಕರೆಂಟ್ ಬಂದ ಮೇಲೆ ಅದೇ ಆದೇಶ ಮತ್ತೆ ಕೊಡಿ: ಗಾತ್ರ, ಸಮಯ ತಾಳೆ ನೋಡಿ ಉಳಿದದ್ದನ್ನಷ್ಟೇ ಒಯ್ಯುತ್ತದೆ.

ಇದು ಜೋಳದ ಚೀಲಗಳನ್ನು ಹೊರಗಿನಿಂದ ಎಣಿಸಿದಂತೆ. ‘ಚೆಕ್‌ಸಮ್’ ಸೂಚನೆ ಕೊಟ್ಟರೆ ಚೀಲ ಬಿಚ್ಚಿ ಕಾಳನ್ನೇ ನೋಡುತ್ತದೆ. ಹೊತ್ತು ಹಿಡಿದರೂ, ಹಳೆಯ ಡಿಸ್ಕನ್ನು ಅಳಿಸುವ ಮೊದಲು ಇದು ಆಗಲೇಬೇಕು.

‘ಡಿಲೀಟ್’ ಸೂಚನೆಯ ಗೊಡವೆ ಹೊಸಬರಿಗೆ ಬೇಡ. ಹಳೆಯದು ಹೊಸದು ಅದಲುಬದಲಾಗಿ ಟೈಪಾದರೆ, ತುಂಬಿದ ಡಿಸ್ಕೂ ಖಾಲಿಯಾಗುತ್ತದೆ.