ನಾಳೆಯ ಕಥೆ, ಇಂದಿನ ಕಣ್ಣು

ಕೋಟ್ಯಂತರ ರೂಪಾಯಿ ಸುರಿದು ತೆಗೆದ ವೈಜ್ಞಾನಿಕ ಕಥಾಚಿತ್ರವೊಂದು ತೆರೆಕಂಡಾಗ ಅದರ ಸುತ್ತ ಎರಡು ಬಗೆಯ ಮಾತು ಹುಟ್ಟುವುದು ವಾಡಿಕೆ. ಬಲ್ಲವರು ‘ಇದರಲ್ಲಿ ವಿಜ್ಞಾನ ಎಷ್ಟಿದೆ?’ ಎಂದು ಕೇಳುತ್ತಾರೆ. ವ್ಯಾಪಾರಿಗಳು ‘ಹಣ ಎಷ್ಟು ಬಂತು?’ ಎಂದು ಕೇಳುತ್ತಾರೆ. ಟಿಕೆಟು ಕೊಂಡು, ಕತ್ತಲೆಯಲ್ಲಿ ಮೂರು ಗಂಟೆ ಕುಳಿತು ಎದ್ದವನು ಏನನ್ನು ಕೇಳಿದ ಎಂದು ವಿಚಾರಿಸುವವರು ಕಡಮೆ. ಅವನ ಶಿಳ್ಳೆ, ಚಪ್ಪಾಳೆ, ಆಕಳಿಕೆ, ಹೊರಬಂದ ಮೇಲಿನ ಗೊಣಗಾಟ ಇವೆಲ್ಲವನ್ನೂ ಅಭಿಮಾನದ ಅಥವಾ ಅಜ್ಞಾನದ ಲಕ್ಷಣಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಕಿವಿಗೊಟ್ಟು ಕೇಳಿದರೆ ಅವುಗಳಲ್ಲಿಯೂ ಒಂದು ವಿಮರ್ಶೆ ಅಡಗಿದೆ. ಆ ವಿಮರ್ಶೆಯ ತಕ್ಕಡಿ ಯಾವುದೆಂಬುದೇ ಇಂದಿನ ವಿಷಯ.

ವಿವೇಚನೆಗೆ ನೆಲೆಯಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳನ್ನು ಇಟ್ಟುಕೊಳ್ಳೋಣ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು ಆಮೇಲೆ ಬೇರೆ ಜಿಲ್ಲೆಯಾದ ಸೀಮೆ ಇದು. ಇಲ್ಲಿ ಕನ್ನಡವು ಶಾಲೆಯ, ಕಚೇರಿಯ ಭಾಷೆ. ತೆಲುಗು ಅನೇಕರ ಮನೆಯ, ಸಂತೆಯ ಭಾಷೆ. ಒಂದೇ ವಾಕ್ಯವನ್ನು ಒಂದು ಭಾಷೆಯಲ್ಲಿ ತೊಡಗಿ ಇನ್ನೊಂದರಲ್ಲಿ ಮುಗಿಸುವುದು ಇಲ್ಲಿನವರಿಗೆ ಸಹಜ. ಆದುದರಿಂದ ತೆಲುಗು ಚಿತ್ರಗಳು ಇವರಿಗೆ ಪರಭಾಷೆಯ ಚಿತ್ರಗಳೆನಿಸುವುದಿಲ್ಲ. 2022ರ ಮಾರ್ಚ್ ತಿಂಗಳಿನಲ್ಲಿ ‘ಆರ್‌ಆರ್‌ಆರ್’ ಚಿತ್ರದ ಬಿಡುಗಡೆಪೂರ್ವ ಸಮಾರಂಭಕ್ಕೆ ಅದರ ನಿರ್ಮಾಪಕರು ಚಿಕ್ಕಬಳ್ಳಾಪುರವನ್ನು ಆರಿಸಿಕೊಂಡದ್ದು ಸುಮ್ಮನಲ್ಲ. ಬೆಂಗಳೂರಿಗೂ ಆಂಧ್ರದ ಗಡಿಗೂ ನಡುವಿನ ಈ ಪ್ರೇಕ್ಷಕವರ್ಗದ ಬೆಲೆ ಅವರಿಗೆ ಗೊತ್ತಿತ್ತು.

ಅದ್ಭುತವಾದುದನ್ನು ಕಂಡಾಗ ಮನಸ್ಸು ಮೂರು ಬಗೆಯಾಗಿ ಸ್ಪಂದಿಸಬಹುದು. ಮೊದಲನೆಯದು ಬೆರಗು. ಕಣ್ಣು ಅರಳುತ್ತದೆ, ಅಷ್ಟೆ. ಎರಡನೆಯದು ಒಪ್ಪಿಗೆ. ‘ಸರಿ, ಇದು ಹೀಗೆ ಎಂದು ಇಟ್ಟುಕೊಳ್ಳೋಣ, ಮುಂದೆ ಹೇಳು’ ಎಂದು ಕಥೆಗಾರನಿಗೆ ಕೊಡುವ ಸಮ್ಮತಿ ಅದು. ಮೂರನೆಯದು ನಂಬಿಕೆ: ‘ಇದು ನಿಜವಾಗಿಯೂ ಹೀಗೆಯೇ’ ಎಂಬ ನಿಶ್ಚಯ. ಕೋಲಾರ ಸೀಮೆಯ ಕೇಳಿಕೆಯಲ್ಲಿ ವೇಷಧಾರಿ ರಂಗದ ಮೇಲೆ ಎರಡು ಸುತ್ತು ತಿರುಗಿ ದ್ವಾರಕೆಗೆ ಬಂದೆನೆಂದರೆ ನೋಡುವವರು ಒಪ್ಪುತ್ತಾರೆ. ಯಾರೂ ಅದನ್ನು ನಂಬುವುದಿಲ್ಲ, ಯಾರೂ ನಗುವುದೂ ಇಲ್ಲ. ಬೆರಗನ್ನು ಹಣದಿಂದ ಕೊಳ್ಳಬಹುದು. ನಂಬಿಕೆಯನ್ನು ಕಥೆ ಕೇಳಬೇಕಾಗಿಲ್ಲ. ನಡುವಿನ ಒಪ್ಪಿಗೆಯನ್ನು ಮಾತ್ರ ದುಡಿದೇ ಗಳಿಸಬೇಕು. ವೈಜ್ಞಾನಿಕ ಕಥೆಯ ಅಳಿವು ಉಳಿವು ಇರುವುದು ಇಲ್ಲಿ.

1991ರಲ್ಲಿ ಬಂದ ‘ಆದಿತ್ಯ 369’ ಎಂಬ ತೆಲುಗು ಚಿತ್ರವನ್ನು ನೆನೆಯಬಹುದು. ಅದರ ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’ ಚಿತ್ರಗಳಿಂದ ಕನ್ನಡಿಗರಿಗೂ ಆಪ್ತರಾದವರು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಒಯ್ಯುವ ಯಂತ್ರವೊಂದು ಆ ಕಥೆಯಲ್ಲಿದೆ. ಯಂತ್ರ ಹೊಸದು, ಆದರೆ ಅದು ಮೊದಲು ತಂದಿಳಿಸುವುದು ಕೃಷ್ಣದೇವರಾಯನ ಆಸ್ಥಾನಕ್ಕೆ. ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ಬರೆದ, ಕನ್ನಡ ರಾಜ್ಯ ರಮಾರಮಣನೆಂಬ ಬಿರುದನ್ನು ಹೊತ್ತ ಅರಸು ಈ ಎರಡು ಭಾಷೆಗಳ ಸೀಮೆಗೆ ಅಪರಿಚಿತನೇ? ಆಸ್ಥಾನವನ್ನು ಒಪ್ಪಿದವನು ಅಲ್ಲಿಗೆ ಕರೆದೊಯ್ದ ಯಂತ್ರವನ್ನೂ ಒಪ್ಪಿದ. ಆ ಒಪ್ಪಿಗೆಯ ಬಲದಿಂದಲೇ ಅವನು ಇಪ್ಪತ್ತಾರನೆಯ ಶತಮಾನಕ್ಕೂ ಜೊತೆಯಲ್ಲಿ ಹೊರಟ.

ಮೂವತ್ತಮೂರು ವರ್ಷಗಳ ತರುವಾಯ, 2024ರ ಜೂನ್ 27ರಂದು, ‘ಕಲ್ಕಿ 2898 ಎ.ಡಿ.’ ಬಂತು. ನಿರ್ದೇಶಕರು ನಾಗ್ ಅಶ್ವಿನ್. ಮಾರ್ಗದರ್ಶನಕ್ಕೆ ಅದೇ ಸಿಂಗೀತಂ. ವೆಚ್ಚ ಸುಮಾರು 600 ಕೋಟಿ ರೂಪಾಯಿ ಎಂದು ಪತ್ರಿಕೆಗಳು ವರದಿ ಮಾಡಿದವು. ಪ್ರಭಾಸ್, ಅಮಿತಾಭ್ ಬಚ್ಚನ್, ಕಮಲ್ ಹಾಸನ್, ದೀಪಿಕಾ ಪಡುಕೋಣೆ ಹೀಗೆ ನಾನಾ ಭಾಷೆಗಳ ನಟರು ಒಂದೆಡೆ ಸೇರಿದರು. ಗಂಗೆ ಬತ್ತಿಹೋದ ಮೇಲೆ ಉಳಿದಿರುವ ಕೊನೆಯ ನಗರ ಕಾಶಿ. ಅದರ ನೆತ್ತಿಯ ಮೇಲೆ ತಲೆಕೆಳಗಾದ ಪಿರಮಿಡ್ಡಿನಂತೆ ತೂಗುವ, ನೆಲದ ಸಂಪತ್ತನ್ನೆಲ್ಲ ಹೀರಿಕೊಂಡ ‘ಕಾಂಪ್ಲೆಕ್ಸ್’. ದೂರದಲ್ಲಿ ಶಂಬಲವೆಂಬ ಅಡಗುದಾಣ. ಕಥೆ ನಡೆಯುವುದು ಈ ಲೋಕದಲ್ಲಿ.

ಚಿತ್ರವನ್ನು ಕಂಡವರ ಅಭಿಪ್ರಾಯಗಳಲ್ಲಿ ಒಂದು ಅಂಶ ಎಲ್ಲ ಭಾಷೆಗಳಲ್ಲಿಯೂ ಮತ್ತೆ ಮತ್ತೆ ಕೇಳಿಬಂತು. ಕುರುಕ್ಷೇತ್ರದ ಭಾಗ ಮೈ ನವಿರೇಳಿಸಿತು, ಅಶ್ವತ್ಥಾಮನ ಪಾತ್ರ ಎತ್ತರದ್ದು, ಆದರೆ ಮೊದಲರ್ಧದ ಭವಿಷ್ಯಲೋಕ ಎಳೆದಂತಾಯಿತು ಎಂಬುದೇ ಆ ಅಂಶ. ಹೊಸ ಲೋಕದ ವಾಹನ, ಆಯುಧ, ಮರುಭೂಮಿಗಳನ್ನು ಪಾಶ್ಚಾತ್ಯ ಚಿತ್ರಗಳಲ್ಲಿ ಆಗಲೇ ಕಂಡಿದ್ದೇವೆ ಎಂದವರೂ ಬಹಳ. ಅತ್ಯಂತ ಹೆಚ್ಚು ಯಂತ್ರಕೌಶಲ ತುಂಬಿದ ಭಾಗವೇ ಅತ್ಯಂತ ಕಡಮೆ ಹಿಡಿಸಿತೆಂದರೆ ಏನರ್ಥ? ಅಲ್ಲಿ ಬೆರಗು ದೊರೆಯಿತು, ಒಪ್ಪಿಗೆ ದೊರೆಯಲಿಲ್ಲ ಎಂದರ್ಥ.

ನಮ್ಮ ನಾಲ್ಕು ಊರುಗಳ ಮಟ್ಟಿಗೆ ಇದರ ಕಾರಣ ನೆಲದಲ್ಲಿಯೇ ಇದೆ. ಚಿಂತಾಮಣಿ ತಾಲೂಕಿನ ಕೈವಾರವೇ ಏಕಚಕ್ರನಗರವೆಂದೂ ಭೀಮನು ಬಕಾಸುರನನ್ನು ಕೊಂದದ್ದು ಅಲ್ಲಿಯೇ ಎಂದೂ ಸ್ಥಳಪುರಾಣ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಅಶ್ವತ್ಥವೃಕ್ಷವನ್ನು ನೆಟ್ಟವನು ವಿದುರನೆಂಬ ಪ್ರತೀತಿ. ಭಾರತದ ಕಥೆ ಇಲ್ಲಿ ಪುಸ್ತಕದಲ್ಲಿಲ್ಲ, ಬಸ್ಸಿನ ದಾರಿಯಲ್ಲಿದೆ. ಉತ್ತರೆಯ ಗರ್ಭಕ್ಕೆ ಅಸ್ತ್ರವನ್ನೆಸೆದವನೇ ಯುಗಾಂತರದಲ್ಲಿ ಇನ್ನೊಬ್ಬಳ ಗರ್ಭಕ್ಕೆ ಕಾವಲು ನಿಲ್ಲುವುದನ್ನು ಕಂಡಾಗ ಅದರ ಅರ್ಥವನ್ನು ಇಲ್ಲಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊನೆಯಲ್ಲಿ ನಾಯಕನೇ ಕರ್ಣನೆಂದು ಬಯಲಾದಾಗಲೂ ಹಾಗೆಯೇ. ಒಂದು ಕಡೆ ಪಂಪನಿಂದ ಮೊದಲ್ಗೊಂಡ ಕನ್ನಡದ ಕರ್ಣ, ಇನ್ನೊಂದು ಕಡೆ 1977ರ ‘ದಾನವೀರಶೂರಕರ್ಣ’ದ ತೆಲುಗಿನ ಕರ್ಣ, ಎರಡು ನೆನಪುಗಳು ಒಮ್ಮೆಗೇ ಎಚ್ಚರಗೊಳ್ಳುವ ಕ್ಷಣ ಅದು.

ಅಷ್ಟೇ ಅಲ್ಲ, ಭವಿಷ್ಯವನ್ನು ನುಡಿಯುವ ಸಾಹಿತ್ಯವೂ ಈ ನೆಲಕ್ಕೆ ಹೊಸದಲ್ಲ. ತೆಲುಗು, ಕನ್ನಡಗಳೆರಡರಲ್ಲಿಯೂ ಹಾಡಿದ ಕೈವಾರದ ತಾತಯ್ಯ ಯೋಗಿ ನಾರೇಯಣರ ಹೆಸರಿನಲ್ಲಿ ಕಾಲಜ್ಞಾನ ಪ್ರಸಿದ್ಧವಾಗಿದೆ. ಆದರೆ ಕಾಲಜ್ಞಾನ ಬೇಡುವುದು ನಂಬಿಕೆಯನ್ನು. ವೈಜ್ಞಾನಿಕ ಕಥೆ ಬೇಡುವುದು ಒಪ್ಪಿಗೆಯನ್ನು. ಒಂದು ‘ಹೀಗಾಗುವುದು’ ಎನ್ನುತ್ತದೆ, ಇನ್ನೊಂದು ‘ಹೀಗಾದರೆ?’ ಎನ್ನುತ್ತದೆ. ಪುರಾಣವನ್ನೂ ವಿಜ್ಞಾನವನ್ನೂ ಬೆರೆಸಿದ ಚಿತ್ರ ಯಾವುದನ್ನು ಬೇಡುತ್ತಿದೆಯೆಂಬುದು ಸ್ಪಷ್ಟವಾಗದಿದ್ದಾಗ ಪ್ರೇಕ್ಷಕ ತೊಡಕಿಗೆ ಸಿಕ್ಕುತ್ತಾನೆ. ಕಲಿಯುಗದ ಆರಂಭ ಕ್ರಿಸ್ತಪೂರ್ವ 3102 ಎಂಬುದು ಸಾಂಪ್ರದಾಯಿಕ ಗಣನೆ. ಅದಕ್ಕೆ 6000 ವರ್ಷ ಕೂಡಿಸಿದರೆ ಬರುವುದು 2898; ಚಿತ್ರದ ಹೆಸರು ಹುಟ್ಟಿದ್ದು ಹೀಗೆ. ಆದರೆ ಪಂಚಾಂಗ ಬಲ್ಲವನ ಲೆಕ್ಕದಲ್ಲಿ ಕಲಿಯುಗದ ಅವಧಿ 4,32,000 ವರ್ಷ; ಸಂಕಲ್ಪ ಹೇಳುವಾಗಲೆಲ್ಲ ನಾವಿರುವುದು ಅದರ ಮೊದಲ ಪಾದದಲ್ಲಿ. ಹಾಗಿದ್ದರೆ ಕಲ್ಕಿ ಇಷ್ಟು ಬೇಗ ಬಂದುದೇಕೆ? ಈ ಪ್ರಶ್ನೆ ತರಲೆಯದಲ್ಲ. ನೀನು ಒಡ್ಡಿದ ಕಟ್ಟಳೆಗೆ ನೀನೇ ಬದ್ಧನಾಗು ಎಂಬ ಒತ್ತಾಯ ಅದರಲ್ಲಿದೆ, ಮತ್ತು ವಿಜ್ಞಾನ ಮೊದಲು ಕಲಿಸುವ ಪಾಠವೂ ಇದೇ.

ಈ ಜಗಳ ನಮ್ಮ ಕಾಲದ್ದು ಮಾತ್ರವಲ್ಲ. 1927ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ಅಂದಿನ ಕಾಲಕ್ಕೆ ಅಪಾರವಾದ ಹಣ ಚೆಲ್ಲಿ ‘ಮೆಟ್ರೊಪೊಲಿಸ್’ ಎಂಬ ಮೂಕಿಚಿತ್ರವನ್ನು ತೆಗೆದ. ಮೇಲೆ ಧನಿಕರ ನಗರ, ನೆಲದಡಿಯಲ್ಲಿ ಕಾರ್ಮಿಕರ ನಗರ. ವೈಜ್ಞಾನಿಕ ಕಾದಂಬರಿಗಳ ಪಿತಾಮಹನೆನಿಸಿದ ಎಚ್. ಜಿ. ವೆಲ್ಸ್ ಅದನ್ನು ಶುದ್ಧ ಅವಿವೇಕವೆಂದು ಹಳಿದ. ಯಂತ್ರಗಳು ಬೆಳೆದಂತೆ ಕೂಲಿಯ ದುಡಿತ ತಗ್ಗಬೇಕು, ಹೆಚ್ಚುವುದು ಹೇಗೆ ಎಂಬುದು ಅವನ ವಾದ. ಹಾಕಿದ ಹಣವೂ ನಿರ್ಮಾಪಕರಿಗೆ ಮರಳಲಿಲ್ಲ. ಆದರೂ ಆ ಚಿತ್ರ ಇಂದಿಗೂ ಉಳಿದಿದೆ. ಅದರಲ್ಲಿನ ಭವಿಷ್ಯ ಸರಿಯಾದುದರಿಂದಲ್ಲ, ಮೇಲಿನವರು ಕೆಳಗಿನವರು ಎಂಬ ಅಂದಿನ ಸತ್ಯ ಅದರಲ್ಲಿ ಕಂಡುದರಿಂದ. ನಾಳೆಯ ಕಥೆಯನ್ನು ನೋಡುವ ಕಣ್ಣು ಎಂದೂ ಇಂದಿನದೇ.

ಆ ಇಂದಿನ ಕಣ್ಣಿನಿಂದ ಬತ್ತಿದ ಗಂಗೆಯನ್ನು ಮತ್ತೊಮ್ಮೆ ನೋಡೋಣ. ನಂದಿಬೆಟ್ಟದ ಸುತ್ತಣ ಪ್ರದೇಶ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳಂಥ ಹಲವು ನದಿಗಳ ತವರು. ಆದರೂ ಜಿಲ್ಲೆಗೆ ವರ್ಷವಿಡೀ ಹರಿಯುವ ಒಂದು ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದಿವೆ. ಬಂದ ನೀರಿನಲ್ಲಿ ಹಲವೆಡೆ ಫ್ಲೋರೈಡು. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ, ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯ ಮೂಲಕ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತ ಬಂದಿದ್ದಾರೆ. ಅಂತರ್ಜಲ ಏರಿತೆಂದು ಸಂತೋಷಪಡುವವರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಹೋರಾಡುವವರೂ ಇದ್ದಾರೆ. ಮಹಾನಗರದ ಬಳಕೆಯ ಶೇಷವೇ ತಮ್ಮ ಕೆರೆಯ ಜೀವವಾಗಿರುವ ಜನರಿಗೆ, ನೆಲದ ಸಾರವನ್ನೆಲ್ಲ ಹೀರಿ ಮೇಲೆ ತೂಗುವ ನಗರ 2898ರ ಕಲ್ಪನೆಯಲ್ಲ. ಚಿತ್ರ ಇಲ್ಲಿ ನಿಂತಿದ್ದರೆ ಒಪ್ಪಿಗೆ ತಾನಾಗಿ ಒದಗುತ್ತಿತ್ತು. ಅದು ನಿಲ್ಲಲಿಲ್ಲ, ಬೇಗ ಬೇಗ ಕಾಳಗಕ್ಕೆ ಹೊರಟಿತು. ಚಿತ್ರದ ಸುತ್ತ ನಡೆದ ಚರ್ಚೆಯಲ್ಲಿಯೂ ವಾಹನಕ್ಕೆ, ಆಯುಧಕ್ಕೆ, ಗಳಿಕೆಗೆ ದೊರೆತ ಸ್ಥಾನ ನೀರಿಗೆ ದೊರೆಯಲಿಲ್ಲ.

ಭಾಷೆಯ ಮಾತನ್ನೂ ಇಲ್ಲಿ ಸೇರಿಸಬೇಕು. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಜೋಡಿಸಬಾರದೆಂಬ ಕಟ್ಟುಪಾಡು ನಮ್ಮ ಚಿತ್ರೋದ್ಯಮದಲ್ಲಿ 1960ರ ದಶಕದಿಂದ ಬಹುಕಾಲ ನಡೆದುಬಂತು. ಉದ್ಯಮದ ಅನ್ನವನ್ನು ಉಳಿಸುವ ಕಾಳಜಿ ಅದರ ಹಿಂದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ತೀರ್ಪು ಬಂದ ಮೇಲೆ ಅದು ಸಡಿಲಿತು. ಆದರೆ ಆ ನಡುವಿನ ದಶಕಗಳಲ್ಲಿ ರಾಕೆಟ್ಟು, ರೋಬೋಟು, ಕಾಲಯಂತ್ರಗಳ ಕಥೆಗಳು ಇಲ್ಲಿನ ಮಕ್ಕಳಿಗೆ ಹೆಚ್ಚಾಗಿ ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ತಲುಪಿದವು. 2002ರ ‘ಹಾಲಿವುಡ್’ ಚಿತ್ರದಲ್ಲಿ ಉಪೇಂದ್ರರು ಯಂತ್ರಮಾನವನಾದಂಥ ಕನ್ನಡ ಪ್ರಯತ್ನಗಳು ವಿರಳ. ಕಲಿತದ್ದು ಕನ್ನಡ ಶಾಲೆಯಲ್ಲಿ, ಕನಸು ಕಂಡದ್ದು ಬೇರೊಂದು ನುಡಿಯಲ್ಲಿ ಎಂದಾಗ ಪಾಠದ ವಿಜ್ಞಾನಕ್ಕೂ ತೆರೆಯ ವಿಜ್ಞಾನಕ್ಕೂ ನಂಟು ಬೆಳೆಯುವುದು ಕಷ್ಟ.

ಆ ನಂಟಿಗೆ ಬೇಕಾದ ಸಾಮಗ್ರಿ ಮಾತ್ರ ಕೈಯಳತೆಯಲ್ಲಿಯೇ ಇದೆ. ಗೌರಿಬಿದನೂರಿನ ಹತ್ತಿರ, 1970ರ ದಶಕದಲ್ಲಿ, ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ ಒಂದು ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ, ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು ಹಬ್ಬಿದ ಸಾವಿರ ಆಂಟೆನಾಗಳ ಸಾಲು ಅದು. ಅಲ್ಲಿ ನೋಡಲು ಏನೂ ಇಲ್ಲ. ಬಯಲಿನಲ್ಲಿ ಕಂಬ ಮತ್ತು ತಂತಿ. ಅವು ಹಿಡಿಯುತ್ತಿದ್ದುದು ನಕ್ಷತ್ರಲೋಕದಿಂದ ಬರುವ ರೇಡಿಯೋ ಅಲೆಗಳನ್ನು. ಅದೇ ಸೀಮೆಯಲ್ಲಿ 1965ರಲ್ಲಿ ಸ್ಥಾಪನೆಯಾದ ಭೂಕಂಪ ಮಾಪನ ಕೇಂದ್ರ ಪರದೇಶಗಳ ಭೂಗರ್ಭದ ಅಣುಸ್ಫೋಟಗಳ ನಡುಕವನ್ನು ಗುರುತಿಸಬಲ್ಲುದು. ಅದೇ ತಾಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಕೇಳದೆ ನಂಬಬೇಡಿ ಎಂಬುದು ಅವರ ಜೀವನದ ಸಾರ.

ಬೆರಗು ಬೇಡವೆಂದಲ್ಲ. ಬೆರಗಿನಿಂದಲೇ ಪ್ರಶ್ನೆ ಹುಟ್ಟುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಒಂದು ಹಾರುವ ಓತಿಯ ಬೆನ್ನು ಹತ್ತಿ ಕನ್ನಡದ ಓದುಗರನ್ನು ಕೋಟಿಗಟ್ಟಲೆ ವರ್ಷಗಳ ಜೀವವಿಕಾಸದ ಅಂಚಿಗೆ ಒಯ್ದು ನಿಲ್ಲಿಸಿತು. ಅದಕ್ಕೆ ತಗುಲಿದ್ದು ಕಾಗದದ ಖರ್ಚು ಮಾತ್ರ. ಜೇನು ಹಿಡಿಯುವ ಮಂದಣ್ಣನನ್ನು ಒಪ್ಪಿದ ಓದುಗ ಓತಿಯನ್ನೂ ಒಪ್ಪಿದ. ಪರಿಚಿತದ ಹೊಸ್ತಿಲಿನಿಂದ ಅಪರಿಚಿತಕ್ಕೆ ಕಾಲಿಡಿಸುವ ಈ ಹದವನ್ನೇ ಶಿಡ್ಲಘಟ್ಟದ, ಚಿಂತಾಮಣಿಯ ಪ್ರೇಕ್ಷಕನೂ ಕೇಳುತ್ತಿರುವುದು. ಕುರುಕ್ಷೇತ್ರಕ್ಕೆ ಶಿಳ್ಳೆ ಹಾಕಿ ಭವಿಷ್ಯನಗರಕ್ಕೆ ಆಕಳಿಸಿದವನು ಹಳೆಯದಕ್ಕೆ ಅಂಟಿಕೊಂಡವನೆಂದು ಬಗೆಯಬೇಕಾಗಿಲ್ಲ. ಅವನು ಹೇಳುತ್ತಿರುವುದು ಇಷ್ಟೆ: ಹಳೆಯ ಕಥೆಯಲ್ಲಿ ನಾನಿದ್ದೇನೆ, ನಿಮ್ಮ ನಾಳೆಯಲ್ಲಿ ನನ್ನ ಊರು ಕಾಣಲಿಲ್ಲ. ಬತ್ತಿದ ಕೆರೆಯನ್ನೂ ಬಯಲಿನಲ್ಲಿ ಆಕಾಶಕ್ಕೆ ಕಿವಿಗೊಟ್ಟ ತಂತಿಗಳನ್ನೂ ಒಂದೇ ಕಥೆಯೊಳಗೆ ತರಬಲ್ಲ ಚಿತ್ರ ಬಂದ ದಿನ, ಅದರ ವೆಚ್ಚ ಎಷ್ಟೆಂದು ಅವನು ಕೇಳಲಾರ.